ನಲವತ್ತು ದಾಟಿದ ಕಿವಿಗೆ ಹೊಸ ಹಾಡು

ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಕೇಳುಗರಿಂದ ಬರುವ ಕಾಗದಗಳಲ್ಲಿ ಒಂದೇ ಅಳಲು ಮತ್ತೆ ಮತ್ತೆ ಕಾಣುತ್ತಿದೆ. ಭಾವಗೀತೆ ಹಾಡಿದ ಸಿ. ಅಶ್ವಥ್, ಮೈಸೂರು ಅನಂತಸ್ವಾಮಿ ಅವರ ಕಾಲ ಮುಗಿದ ಮೇಲೆ ಯಾವ ಹಾಡೂ ಮನಸ್ಸಿಗೆ ಹತ್ತುತ್ತಿಲ್ಲವಂತೆ. ಮಕ್ಕಳು ಯಾವುದೋ ಬ್ಯಾಂಡ್ ಹಾಕುತ್ತಾರೆ, ಕೇಳಿದರೆ ಬರೀ ಗದ್ದಲ ಅನ್ನಿಸುತ್ತದಂತೆ. ವಯಸ್ಸಾಗುತ್ತ ಕಿವಿ ಮಂಕಾಗಿ ಹೀಗಾಗುತ್ತದೆಯೇ ಎಂದು ಕೇಳುತ್ತಾರೆ.

ಇಲ್ಲ. ಕಡಿಮೆಯಾಗಿರುವುದು ಬೇರೆಯದು.

ಹದಿನಾರರ ವಯಸ್ಸಿನಲ್ಲಿ ಹಿಡಿಸಿದ ಹಾಡುಗಳನ್ನು ನೀವೇ ಆರಿಸಿಕೊಂಡಿರಾ? ನೆನಪು ಮಾಡಿಕೊಳ್ಳಿ. ಮೈಕ್‌ಸೆಟ್ಟಿನವನ ಹತ್ತಿರ ಇರುತ್ತಿದ್ದವು ನಾಲ್ಕಾರು ಕ್ಯಾಸೆಟ್ಟು. ಮದುವೆಗೂ ಅವೇ, ಗಣಪತಿ ಪೆಂಡಾಲಿಗೂ ಅವೇ, ಜಾತ್ರೆಗೂ ಅವೇ. ಪಕ್ಕದ ಮನೆಯವರು ಭದ್ರಾವತಿ ಆಕಾಶವಾಣಿ ಹಾಕಿದರೆ ಇಡೀ ಬೀದಿಗೆ ಭಾವಗೀತೆ. ಬೇಕೋ ಬೇಡವೋ, ಕಿವಿಗೆ ಬೀಳುತ್ತಿತ್ತು. ಹಾಗೆ ಬಿದ್ದು ಬಿದ್ದೇ ಅದು ನಿಮ್ಮದಾಯಿತು. ಈಗ ಮೊಬೈಲಿನಲ್ಲಿ ಲೆಕ್ಕವಿಲ್ಲದಷ್ಟು ಹಾಡುಗಳಿವೆ. ಪಲ್ಲವಿ ಮುಗಿಯುವ ಮೊದಲೇ ಬೆರಳು ಮುಂದಿನದಕ್ಕೆ ಹೋಗುತ್ತದೆ. ಒಂದು ಹಾಡು ಎರಡನೆಯ ಸಲ ಕಿವಿಗೆ ಬೀಳುವುದೇ ಇಲ್ಲ.

ಈ ಎರಡನೆಯ ಸಲ, ಐದನೆಯ ಸಲ, ಹತ್ತನೆಯ ಸಲ ಏನಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಾಡು ಕೇಳುವಾಗ ಮನಸ್ಸು ಮುಂದೇನು ಬರುತ್ತದೆಂದು ಊಹಿಸುತ್ತಲೇ ಇರುತ್ತದೆ. ಹೊಸ ಹಾಡಿನಲ್ಲಿ ಊಹೆಗೆ ಆಧಾರ ಕಡಿಮೆ, ಅದಕ್ಕೇ ಗದ್ದಲ ಅನ್ನಿಸುವುದು. ನಮ್ಮ ಸೀಮೆಯ ವೀರಗಾಸೆ ಕುಣಿತವನ್ನೇ ನೋಡಿ. ಸಂಬಾಳ, ಕರಡೆಗಳ ಅಬ್ಬರ ಏರುತ್ತ ಏರುತ್ತ ತಟ್ಟನೆ ನಿಲ್ಲುತ್ತದೆ, ಒಡಪಿನ ಮಾತು ಶುರುವಾಗುತ್ತದೆ. ಹೊರ ಊರಿನಿಂದ ಬಂದವರು ಆ ನಿಲುಗಡೆಗೆ ಬೆಚ್ಚುತ್ತಾರೆ. ಇಲ್ಲೇ ಬೆಳೆದವರಿಗೆ ಅದು ಬರುವ ಮುಂಚೆಯೇ ಮೈ ಜುಮ್ಮೆನ್ನುತ್ತದೆ. ವಾದ್ಯ ಒಂದೇ, ಒಡಪು ಒಂದೇ. ಇವರು ಕಾಯುತ್ತಾರೆ, ಅವರಿಗೆ ಕಾಯುವುದು ಗೊತ್ತಿಲ್ಲ.

ಇದನ್ನು ಪರೀಕ್ಷಿಸಿ ನೋಡಿದವರೂ ಇದ್ದಾರೆ. 1968ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ರಾಬರ್ಟ್ ಜಾಯೆನ್ಸ್ ಅವರು ಅರ್ಥವಿಲ್ಲದ ಪದಗಳನ್ನು, ಅಪರಿಚಿತ ಮುಖಗಳ ಚಿತ್ರಗಳನ್ನು ಜನರಿಗೆ ತೋರಿಸಿದರು. ಹೆಚ್ಚು ಸಲ ಕಂಡದ್ದರ ಮೇಲೆ ಜನರಿಗೆ ಹೆಚ್ಚು ಒಲವು ಹುಟ್ಟಿತು. 2011ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದವರು ಮೆಚ್ಚಿನ ಸಂಗೀತ ಕೇಳುವವರ ಮಿದುಳನ್ನು ಪರೀಕ್ಷಿಸಿದಾಗ, ರೋಮಾಂಚನದ ಘಳಿಗೆಯಲ್ಲಷ್ಟೇ ಅಲ್ಲ, ಅದು ಬರುತ್ತದೆಂದು ಕಾಯುವಾಗಲೂ ಡೋಪಮೈನ್ ಹೊಮ್ಮುವುದು ಕಂಡುಬಂತು. ಅಂದರೆ, ಸುಖದ ಒಂದು ದೊಡ್ಡ ಪಾಲು ಕಾಯುವುದರಲ್ಲಿದೆ. ಕಾಯಬೇಕಾದರೆ ಮುಂದೇನು ಬರುತ್ತದೆಂದು ಗೊತ್ತಿರಬೇಕು. ಗೊತ್ತಿರಬೇಕಾದರೆ ಮೊದಲೇ ಕೇಳಿರಬೇಕು.

ರಘು ದೀಕ್ಷಿತ್ ಅವರನ್ನು ತೆಗೆದುಕೊಳ್ಳಿ. ಮೈಸೂರಿನಲ್ಲಿ ಬೆಳೆದ ಗಾಯಕರು. 2008ರಲ್ಲಿ ಬಂದ ಅವರ ತಂಡದ ಮೊದಲ ಆಲ್ಬಂನಲ್ಲಿ ತತ್ವಪದಕಾರ ಶಿಶುನಾಳ ಶರೀಫರ ಗುಡುಗುಡಿಯ ಪದವಿದೆ. ತರೀಕೆರೆಯಿಂದ ಕಡೂರಿಗೆ ನಾನು ಕೆಲಸಕ್ಕೆ ಓಡಾಡುತ್ತಿದ್ದ ಬಸ್ಸಿನಲ್ಲಿ ಡ್ರೈವರ್ ಅದನ್ನು ದಿನವೂ ಹಾಕುತ್ತಿದ್ದರು. ಮೊದಮೊದಲು ಶರೀಫರ ಪದವೆಂದರೆ ಅಶ್ವಥ್ ಅವರ ದನಿಯೇ ಒಳಗೆ ಮೊಳಗುತ್ತಿದ್ದರಿಂದ ಇದು ಹತ್ತಿರ ಬರಲಿಲ್ಲ. ಆ ಮಳೆಗಾಲ ಮುಗಿಯುವಷ್ಟರಲ್ಲಿ, ಬೀರೂರು ದಾಟುವಾಗ ದನಿ ಪಲ್ಲವಿಗೆ ಮರಳುವ ಜಾಗಕ್ಕಾಗಿ ಕಿವಿ ತಾನೇ ಕಾಯತೊಡಗಿತ್ತು. ಇವತ್ತು ಆ ತಂಡ ನನಗೆ ಅಚ್ಚುಮೆಚ್ಚು.

ಹೀಗೆ ಹೊಸ ದನಿಗೆ ಒಲಿಯುವುದು ಹಳಬರಿಗೆ ಮಾಡುವ ದ್ರೋಹ ಎನ್ನುವವರಿದ್ದಾರೆ. ಈ ಮಾತು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಶರೀಫರು ಬದುಕಿದ್ದು 1819ರಿಂದ 1889ರವರೆಗೆ. ಅವರ ಪದಗಳನ್ನು ಭಜನೆಯ ಧಾಟಿಯಲ್ಲೇ ಕೇಳಿ ಬೆಳೆದವರಿಗೆ ಅಶ್ವಥ್ ಅವರ ವಾದ್ಯಮೇಳವೂ ಒಂದು ಕಾಲಕ್ಕೆ ಹೊಸದೇ. 1990ರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂದ ಮೇಲೆ ಅದು ಮನೆಮನೆಯ ದನಿಯಾಯಿತು. ನಿಜವಾದ ಸಂಗೀತ ಮೊದಲ ಸಲಕ್ಕೇ ಎದೆಗೆ ನಾಟಬೇಕು ಎನ್ನುವುದೂ ಇಂಥದ್ದೇ ತಪ್ಪು ನಂಬಿಕೆ. ಎಷ್ಟೋ ಒಳ್ಳೆಯ ಹಾಡುಗಳು ಈ ಒಂದು ಮಾತಿನಿಂದ ನಮ್ಮ ಮನೆಗಳ ಹೊಸ್ತಿಲು ದಾಟಿಲ್ಲ.

ಸಮಯ ಮುಗಿಯುತ್ತ ಬಂತು, ಮಾಡಬೇಕಾದ್ದನ್ನು ಬೇಗ ಹೇಳಿಬಿಡುತ್ತೇನೆ. ಒಂದು ತಂಡ, ಒಂದು ಆಲ್ಬಂ ಸಾಕು. ಕುಳಿತು ಪರೀಕ್ಷೆ ಮಾಡುವ ಹಾಗೆ ಕೇಳಬೇಡಿ. ಅಡಿಕೆ ಸುಲಿಯುವಾಗಲೋ ರೊಟ್ಟಿ ತಟ್ಟುವಾಗಲೋ ಹಾಕಿ, ಮೊಬೈಲನ್ನು ಕೈಗೆ ಸಿಗದಷ್ಟು ದೂರವಿಡಿ. ಒಂದೇ ದಿನ ಹತ್ತು ಸಲ ಹಾಕಿದರೆ ಬೇಸರ ಬರುತ್ತದೆ. ದಿನ ಬಿಟ್ಟು ದಿನ ಹಾಕಿ. ಮೊದಲಿಗೇ ಅಸಹ್ಯ ಎನಿಸಿದ ಹಾಡನ್ನು ಮಾತ್ರ ಬಲವಂತವಾಗಿ ಕೇಳಬೇಡಿ, ಅಸಹ್ಯ ಇನ್ನೂ ಬಲಿಯುತ್ತದೆ. ಏನೂ ಅನ್ನಿಸದ ಹಾಡೇ ಇದಕ್ಕೆ ಒಳ್ಳೆಯದು. ಯಾವುದರಿಂದ ಶುರು ಮಾಡುವುದು ಎನ್ನುವವರು ಸ್ವರಾತ್ಮ ತಂಡದ 2009ರ ಆಲ್ಬಂ ಕೇಳಬಹುದು, ಇಲ್ಲವೇ ಮಗಳು ಏನು ಹಾಕಿದ್ದಾಳೋ ಅದನ್ನು ನಿಲ್ಲಿಸು ಎನ್ನದೆ ಒಂದು ತಿಂಗಳು ಹಾಗೇ ಬಿಡಿ.