ಕಲಾವಿದರ ಮನೆ ತೆರೆಯುವ ದಿನ



ನಮ್ಮ ಯಡ್ರಾಮಿ ಕಡೆ ಕಲಾವಿದರು ಬಂದು ಉಳಿದು ಕೆಲಸ ಮಾಡುವಂಥ ಮನೆ ಆಗಬೇಕೆಂಬುದು ನಮ್ಮ ಆಸೆಯೂ ಹೌದು. ಆದರೆ ಉದ್ಘಾಟನೆ ಅಂದಕೂಡಲೇ ಸಂಘಗಳಿಗೆ ಬರುವ ಮಾತು ಎರಡೇ: ಒಂದೇ ಬಣ್ಣದ ಸೀರೆ ಉಟ್ಟು ಕುಂಭ ಹೊತ್ತು ಬರ್ರಿ, ರೊಟ್ಟಿ ಬಡಿದು ಕೊಡ್ರಿ. ರೊಟ್ಟಿ ಬಡಿಯೋಣ, ಒಲ್ಲೆ ಅನ್ನೋದು ಬ್ಯಾಡ. ಜೋಳ, ಕಟ್ಟಿಗೆ, ಕೂಲಿಯ ಲೆಕ್ಕವನ್ನು ಮಾತ್ರ ಮೊದಲೇ ನಡಾವಳಿ ಪುಸ್ತಕದಾಗ ಬರೆಸೋಣ. ಮುಂಗಡ ಸಂಘದ ಖಾತೆಗೇ ಬರಲಿ.

ಸಾಗರ ತಾಲೂಕಿನ ಹೆಗ್ಗೋಡು ಸಣ್ಣ ಹಳ್ಳಿ. 1949ರಲ್ಲಿ ಅಲ್ಲಿ ನೀನಾಸಂ ಹುಟ್ಟಿತು, 1980ರಲ್ಲಿ ರಂಗಶಿಕ್ಷಣ ಕೇಂದ್ರವಾಯಿತು. ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಹೊರಗಿನವರು ಬಂದು ಕಲಿತರು ಸರಿ, ಆದರೆ ಊರವರು ಬರೀ ಚಪ್ಪಾಳೆ ಹೊಡೆಯಲಿಲ್ಲ, ತಾವೇ ಬಣ್ಣ ಹಚ್ಚಿ ನಾಟಕ ಆಡಿದರು.

ನಮ್ಮಲ್ಲೇನು ಕಡಿಮೆ ಅದ? ಹಳೆ ಸೀರೆಯ ಕೌದಿ, ಬೀಸುವ ಕಲ್ಲಿನ ಪದ, ತಾಂಡಾದ ಅಕ್ಕಂದಿರ ಕನ್ನಡಿ ಕಸೂತಿ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು ಸಿಕ್ಕಿದೆ; ಅದೂ ತಾಂಡಾದ ಹೆಣ್ಣುಮಕ್ಕಳ ಕೈಕೆಲಸವೇ.

ಅಂಥ ಮನೆಯ ಬಾಗಿಲು ತೆರೆಯುವ ದಿನ ನಮ್ಮ ಕೌದಿ ವೇದಿಕೆ ಮ್ಯಾಲ ಹಾಸೋದಕ್ಕಲ್ಲ, ಒಳಗೆ ಗೋಡೆಗೆ ಇರಲಿ. ಹೊಲಿದಾಕಿ ಹೆಸರಿನ ಚೀಟಿಯೂ ಇರಲಿ. ಹಾಡುವ ಅಜ್ಜಿಯರು ಭಾಷಣ ಮುಗಿದ ಮ್ಯಾಲಲ್ಲ, ಮೊದಲೇ ಹಾಡಲಿ. ಯಾರ ಮನ್ಯಾಗ ಎಷ್ಟು ಕೌದಿ ಅವ, ಯಾರು ಹಾಡ್ತಾರ, ಬರುವ ವಾರದ ಸಭೆಗೆ ಬರೆದುಕೊಂಡು ಬರ್ರಿ.