ವೈವಾ ಊರಿನ ಮುಂದೆ ನಡೆಯಲಿ



ಬೂದಿಕೋಟೆಯ ಬಗ್ಗೆ ಯಾರು ಪ್ರಾಜೆಕ್ಟ್ ಬರೆದರೂ ಮೊದಲ ಸಾಲು ಹೆಚ್ಚುಕಡಿಮೆ ಒಂದೇ: ಇದು ಹೈದರಾಲಿ ಹುಟ್ಟಿದ ಊರು. ನಿಜವೇ. ಆದರೆ ಆ ಸಾಲು ಬರೆಯಲು ಯಾರೂ ಬಸ್ಸು ಹತ್ತಬೇಕಾಗಿಲ್ಲ, ಮೊಬೈಲ್ ಸಾಕು. ಬಸ್ಸು ಹತ್ತಿ ಬಂದವರಿಗೆ ಮಾತ್ರ ಸಿಗುವಂಥದ್ದು ಏನು, ಸಿಕ್ಕಿದ್ದರಲ್ಲಿ ಊರಿನ ಪಾಲೆಷ್ಟು ಎಂಬುದನ್ನು ಇವತ್ತು ನಿಮ್ಮ ಮುಂದಿಡುತ್ತೇನೆ.

ಪಾಠದ ಜೊತೆಗೆ ಊರಿನ ಕೆಲಸವೂ ಇರಬೇಕೆಂಬುದು ಹೊಸ ಮಾತೇನಲ್ಲ. ಗಾಂಧೀಜಿಯ ಜನ್ಮಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, ಕೇಂದ್ರ ಶಿಕ್ಷಣ ಸಚಿವರಾಗಿದ್ದ ವಿ.ಕೆ.ಆರ್.ವಿ. ರಾವ್ ಅವರು 37 ವಿಶ್ವವಿದ್ಯಾಲಯಗಳಲ್ಲಿ ಎನ್ನೆಸ್ಸೆಸ್, ಅಂದರೆ ರಾಷ್ಟ್ರೀಯ ಸೇವಾ ಯೋಜನೆ, ಆರಂಭಿಸಿದರು. ವರ್ಷಕ್ಕೆ 120 ಗಂಟೆ ಸೇವೆ, ಜೊತೆಗೆ ಏಳು ದಿನದ ಶಿಬಿರ. ಶಿಬಿರ ನಿಮಗೆಲ್ಲ ಗೊತ್ತು: ಶಾಲೆಯ ಅಂಗಳ ಗುಡಿಸುವುದು, ಚರಂಡಿ ಎತ್ತುವುದು, ಸಂಜೆ ಹಾಡು, ಕೊನೆಗೆ ಗ್ರೂಪ್ ಫೋಟೊ. ಅದನ್ನು ಹಗುರ ಮಾಡುತ್ತಿಲ್ಲ. ಗುಡಿಸಿದ ಕೈಗೆ ಗುಡಿಸುವವರ ಕಷ್ಟ ಗೊತ್ತಾಗುತ್ತದೆ. ಆದರೆ ಹುಡುಗರ ಬಸ್ಸು ಹೊರಟ ಮೇಲೆ ಊರಿನ ಕೈಯಲ್ಲಿ ಏನು ಉಳಿಯಿತು?

ಉಳಿಸಿಕೊಂಡ ಊರೊಂದು ಇದೇ ಸೀಮೆಯಲ್ಲಿದೆ. ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರು ಆಗ ಅವಿಭಜಿತ ಕೋಲಾರ ಜಿಲ್ಲೆಯದು. 1973ರಲ್ಲಿ ಅಲ್ಲಿನ ಹಾಲು ಉತ್ಪಾದಕರ ಸಹಕಾರ ಸಂಘವೂ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜೂ ಸೇರಿ ಆರೋಗ್ಯ ಕೇಂದ್ರ ತೆರೆದವು. ಡೇರಿಗೆ ಹಾಕಿದ ಹಾಲಿನ ಮೇಲೆ ಲೀಟರಿಗೆ ಕೆಲವು ಪೈಸೆ ಆ ಕೇಂದ್ರಕ್ಕೆ. ವೈದ್ಯಕೀಯ ವಿದ್ಯಾರ್ಥಿಗಳು ಅಲ್ಲಿ ಕಲಿತರು. ಆದರೆ ಖರ್ಚಿಗೆ ಹೆಗಲು ಕೊಟ್ಟದ್ದು ಹಸು ಕಟ್ಟಿದವರು. ಕಾಸು ಕೊಟ್ಟವನಿಗೆ ಲೆಕ್ಕ ಕೇಳುವ ಬಾಯಿ ಇರುತ್ತದೆ. ನನ್ನ ಮಟ್ಟಿಗೆ ಮಳ್ಳೂರಿನ ಪಾಠ ಇಷ್ಟೇ, ಆದರೆ ನಮ್ಮ ಪಠ್ಯಕ್ರಮ ರೂಪಿಸುವವರು ಇನ್ನೂ ಓದದ ಪಾಠ.

ಇನ್ನು ಬೂದಿಕೋಟೆಗೇ ಬರೋಣ. ಬಾನುಲಿ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. ಆದರೂ ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಬಾಗಿಲು ತೆರೆದದ್ದು 2006ರಲ್ಲಿ. ಈ ಊರು ಅಲ್ಲಿಯವರೆಗೆ ಕಾಯಲಿಲ್ಲ. ಮೈರಾಡ, ವಾಯ್ಸಸ್ ಎಂಬ ಸ್ವಯಂಸೇವಾ ಸಂಸ್ಥೆಗಳ ಮತ್ತು ಯುನೆಸ್ಕೊ ನೆರವಿನಿಂದ ಇಲ್ಲಿ 'ನಮ್ಮ ಧ್ವನಿ' ಬಾನುಲಿ ಹುಟ್ಟಿತು. ಗಾಳಿಯಲ್ಲಿ ಕಳಿಸಲು ಲೈಸೆನ್ಸ್ ಇಲ್ಲವೇ, ಸರಿ, ಕೇಬಲ್ ತಂತಿಯಲ್ಲಿ ಮನೆಮನೆಗೆ ಕಳಿಸಿದರು. ಸ್ತ್ರೀಯರ ಸ್ವಸಹಾಯ ಸಂಘದವರೂ ಊರಿನ ಹುಡುಗ ಹುಡುಗಿಯರೂ ಮೈಕು ಹಿಡಿದು ಕಾರ್ಯಕ್ರಮ ಮಾಡಿದರು. ಇಲ್ಲಿ ಗಮನಿಸಬೇಕಾದದ್ದು, ಮಾಡಿದವರೂ ಕೇಳಿದವರೂ ಅದೇ ಬೀದಿಯವರು. ತಪ್ಪು ಹೇಳಿ ತಪ್ಪಿಸಿಕೊಳ್ಳುವಂತಿರಲಿಲ್ಲ. ಪತ್ರಿಕೋದ್ಯಮ ಓದುವ ಮಕ್ಕಳೇ, ಇಷ್ಟು ಕಠಿಣ ಪರೀಕ್ಷೆ ನಿಮಗೆ ಯಾವ ಸೆಮಿಸ್ಟರಿನಲ್ಲಿದೆ?

ಊರೇ ಪರೀಕ್ಷೆ ಮಾಡುವ ಇನ್ನೊಂದು ಬಗೆಯೂ ಇದೆ. ಕೃಷಿ ವಿಶ್ವವಿದ್ಯಾಲಯದ ಮಕ್ಕಳು ಕೊನೆಯ ವರ್ಷ ಹಳ್ಳಿಯಲ್ಲಿ ಉಳಿದು ಗ್ರಾಮೀಣ ಕಾರ್ಯಾನುಭವ ಪಡೆಯುತ್ತಾರೆ. ಊರಿನ ನಡುವೆ ರಂಗೋಲಿ ಪುಡಿಯಲ್ಲಿ ನಕ್ಷೆ ಬಿಡಿಸುವುದು ಅದರ ಒಂದು ಭಾಗ. ಬಿಡಿಸಿದ ಮೇಲೆ ನೋಡಬೇಕು ಮಜಾ! ಯಾರೋ ಅಜ್ಜಿ ಕೋಲಿನಿಂದ ಗೆರೆ ಅಳಿಸಿ, ಕೆರೆಯ ಕೋಡಿ ಅಲ್ಲಿಲ್ಲ, ಇಲ್ಲಿದೆ ಎನ್ನುತ್ತಾಳೆ. ಅದನ್ನೂ ತೆಲುಗಿನಲ್ಲಿ ಹೇಳಬಹುದು, ಕೆಜಿಎಫ್ ಕಡೆಯಾದರೆ ತಮಿಳಿನಲ್ಲಿ. ಇಂಗ್ಲಿಷ್ ಪ್ರಶ್ನಾವಳಿ ಹಿಡಿದು ಬಂದವರು ಈ ಗಡಿಸೀಮೆಯಲ್ಲಿ ಮೊದಲು ಕಿವಿ ತಯಾರು ಮಾಡಿಕೊಳ್ಳಬೇಕು.

ವಿಷಯಗಳಿಗೇನು ಬರವೇ? ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ಇದು. ರಸಾಯನಶಾಸ್ತ್ರದವರು ಕೊಳವೆಬಾವಿಗಳ ಫ್ಲೋರೈಡ್ ಅಳೆಯಲಿ. ಭೂಗೋಳದವರು ರಾಜಕಾಲುವೆ ಹಿಡಿದು ಮಾರ್ಕಂಡೇಯ ಜಲಾಶಯದವರೆಗೆ ನಡೆಯಲಿ. 2001ರ ಫೆಬ್ರವರಿ 28ರಂದು ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಲಸಕ್ಕಾಗಿ ದಿನಾ ಬೆಂಗಳೂರಿನ ರೈಲು ಹತ್ತುವ ಕುಟುಂಬಗಳ ಲೆಕ್ಕ ಅರ್ಥಶಾಸ್ತ್ರದವರಿಗಿರಲಿ. ನಿಮ್ಮಲ್ಲಿ ಕೆಲವರ ಅಪ್ಪ ಅಮ್ಮನೇ ಆ ರೈಲಿನಲ್ಲಿದ್ದಾರೆ.

ಆದರೆ ಬಾವಿಯ ನೀರು ಅಳೆದು, ಅಂಕ ಪಡೆದು, ವರದಿಯನ್ನು ಕಾಲೇಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದರೆ ನಾನದನ್ನು ಕ್ಷೇತ್ರಕಾರ್ಯ ಎನ್ನುವುದಿಲ್ಲ. ಆ ನೀರು ಕುಡಿಯುವವರಿಗೆ ಅದರಲ್ಲೇನಿದೆಯೆಂದು ಗೊತ್ತಾಗಬೇಕು.

ಇಲ್ಲಿ ಕುಳಿತಿರುವ ಪ್ರಾಂಶುಪಾಲರಲ್ಲಿ, ಅಧ್ಯಾಪಕರಲ್ಲಿ ಒಂದು ವಿನಂತಿ. ಈ ಸಲದ ಪ್ರಾಜೆಕ್ಟ್ ವೈವಾವನ್ನು ಬೂದಿಕೋಟೆ ಗ್ರಾಮ ಪಂಚಾಯಿತಿಯಲ್ಲಿ, ಹಾಲು ಹಾಕಿ ಜನ ಬಿಡುವಾಗುವ ಹೊತ್ತಿಗೆ ಇಟ್ಟುಕೊಳ್ಳಿ. ವರದಿಯ ಒಂದು ಪ್ರತಿ ಪಂಚಾಯಿತಿಗೆ ಕೊಡಿ. ಪ್ರಶ್ನೆ ಕೇಳುವವರಲ್ಲಿ ಸ್ವಸಹಾಯ ಸಂಘದ ಹೆಂಗಸರೂ ನೀರುಗಂಟಿಯೂ ಇರಲಿ, ಅಂಕದಲ್ಲಿ ಕಾಲು ಭಾಗವನ್ನಾದರೂ ಅವರೇ ಹಾಕಲಿ.