ಜಗಲಿಗೆ ಬಂದವರನ್ನು ಕೇಳಬೇಕಾದ ಪ್ರಶ್ನೆ

(ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮದು ಸಮಾಜವಾದಿಗಳ ನೆಲ. 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿದರು. ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷ ಶಾಂತವೇರಿ ಗೋಪಾಲಗೌಡರು ಸಾಗರ-ಹೊಸನಗರದಿಂದ ಗೆದ್ದರು. ಅದೇ ನೆಲದಲ್ಲಿ 1994ರಲ್ಲಿ ತೀರ್ಥಹಳ್ಳಿ, ಹೊಸನಗರಗಳನ್ನೂ 2004ರಲ್ಲಿ ಸಾಗರವನ್ನೂ ಬಿಜೆಪಿ ಗೆದ್ದಿತು. ಅಯೋಧ್ಯೆಯ ಅಲೆಯಿಂದ ಹೀಗಾಯಿತು ಎಂದು ನಾವು ಸುಮ್ಮನಾಗುತ್ತೇವೆ. ಅದು ಅರ್ಧ ಉತ್ತರ ಮಾತ್ರ.

ಉಳಿದರ್ಧ ನಮ್ಮ ಜಗಲಿಯಲ್ಲೇ ಇದೆ. 1974ರ ಭೂಸುಧಾರಣೆಯಿಂದ ಗೇಣಿದಾರರು ಒಡೆಯರಾದರು. ಆದರೆ ಸರ್ಕಾರಿ ಜಾಗದಲ್ಲಿ ಸಾಗುವಳಿ ಮಾಡುತ್ತಿದ್ದವರಿಗೆ, ಲಿಂಗನಮಕ್ಕಿಯಲ್ಲಿ ಮನೆಮಠ ಮುಳುಗಿ ಎದ್ದು ಬಂದ ಅನೇಕರಿಗೆ ಹಕ್ಕುಪತ್ರ ಸಿಗಲಿಲ್ಲ. ಹಳೆಯ ಹೋರಾಟಗಾರರು ವಿಧಾನಸೌಧ ಸೇರಿದರು, ಚದುರಿಹೋದರು. ಆ ಖಾಲಿ ಜಾಗಕ್ಕೆ ಬೇರೆಯವರು ಬಂದರು. ಪಕ್ಕದ ಶಿಕಾರಿಪುರದಲ್ಲಿ ಯಡಿಯೂರಪ್ಪನವರು ಜೀತದಾಳುಗಳ, ಬಗರ್‌ಹುಕುಂ ರೈತರ ಪರ ಹೋರಾಡಿ 1983ರಲ್ಲಿ ಶಾಸಕರಾದರು. 2008ರಲ್ಲಿ ದಕ್ಷಿಣ ಭಾರತದ ಮೊದಲ ಬಿಜೆಪಿ ಸರ್ಕಾರದ ಮುಖ್ಯಮಂತ್ರಿಯಾದರು.

ಊರೂರಲ್ಲೂ ಹೀಗೆಯೇ. ಫಾರಂ 50, 53 ತುಂಬಿಕೊಟ್ಟವನು, ರಾತ್ರಿ ಬಾಣಂತಿಗೆ ಜೀಪು ತಂದವನು, ಭಜನೆಗೆ ಕರೆದವನು ಒಬ್ಬನೇ ಆಗಿದ್ದರೆ ಓಟು ಯಾರಿಗೆ ಹೋಗುತ್ತದೆ? ಉಪಕಾರ ನೆನೆಯುವುದು ತಪ್ಪಲ್ಲ. ಚುನಾವಣೆಗೆ ಮಾತ್ರ ಕರಪತ್ರ ಹಿಡಿದು ಬರುತ್ತಿದ್ದ ನಮ್ಮಂಥವರದೇ ತಪ್ಪು.

ಆದರೆ ಇನ್ನೊಂದು ಮಾತಿದೆ. ನನ್ನ ವಿದ್ಯಾರ್ಥಿನಿಯೊಬ್ಬಳು ವರದಕ್ಷಿಣೆಯ ಹೊಡೆತ ತಾಳಲಾರದೆ ತವರಿಗೆ ಬಂದಳು. ಊರಿನ ರಸ್ತೆಗೆ, ಹಕ್ಕುಪತ್ರಕ್ಕೆ ಓಡಾಡಿದ್ದ ಅದೇ ಯುವಕರು ಅವಳ ಮನೆಗೆ ಬಂದರು. "ಹೊಂದಿಕೊಂಡು ಹೋಗಮ್ಮ, ಮನೆತನದ ಮರ್ಯಾದೆ" ಎಂದರು. ಹಿಂದೆ ನಮ್ಮ ಸಮಾಜವಾದಿ ಗೆಳೆಯರೂ ಇದನ್ನೇ ಹೇಳಿದ್ದನ್ನು ಕೇಳಿದ್ದೇನೆ. ಜಮೀನಿನ ಪ್ರಶ್ನೆಗೆ ಹೊಸಿಲು ದಾಟಿ ಬರುವ ರಾಜಕೀಯ, ಹೆಣ್ಣಿನ ಪ್ರಶ್ನೆ ಬಂದಾಗ ಹೊಸಿಲಾಚೆಯೇ ನಿಲ್ಲುತ್ತದೆ. 2006-07ರ ಭಾಗ್ಯಲಕ್ಷ್ಮಿ ಯೋಜನೆಯಿಂದ ಹೆಣ್ಣುಮಗುವಿಗೆ ಬಾಂಡ್ ಬಂತು, ಒಳ್ಳೆಯದೇ. ಆದರೆ ಆ ಹಣವನ್ನು ಮದುವೆ ಖರ್ಚಿಗೆಂದೇ ಎತ್ತಿಡುವ ಮನೆಗಳಿದ್ದರೆ ವರದಕ್ಷಿಣೆ ಕರಗುವುದೆಲ್ಲಿ?

ಯಾವ ಪಕ್ಷಕ್ಕೆ ಓಟು ಹಾಕಿ ಎಂದು ನಾನು ಹೇಳುವುದಿಲ್ಲ. ಜಗಲಿಗೆ ಬಂದವರಿಗೆ ಕಾಫಿ ಕೊಡಿ, ಕೊಟ್ಟು ಒಂದು ಪ್ರಶ್ನೆ ಕೇಳಿ: "ನಮ್ಮ ಮಗಳಿಗೆ ಏಟು ಬಿದ್ದ ದಿನ ನೀವು ಯಾರ ಪಕ್ಕ ನಿಲ್ಲುತ್ತೀರಿ?"

ಅವರ ಉತ್ತರಕ್ಕೆ ಕಾಯುತ್ತಾ ಕೂರುವುದೂ ಬೇಡ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಸಿಡಿಪಿಓ ಅವರೇ ಸಂರಕ್ಷಣಾಧಿಕಾರಿ. ಸಂಘದ ಹತ್ತು ಜನ ಅವಳ ಜೊತೆ ಆ ಕಚೇರಿಗೆ ಹೋಗಿ ನಿಲ್ಲಿ. ವಾರಕ್ಕೊಮ್ಮೆ ಸಾಲದ ಲೆಕ್ಕಕ್ಕೆ ಸೇರುವ ನಾವು ಇದಕ್ಕೂ ಸೇರಬಲ್ಲೆವು. ಖಾಲಿ ಬಿಟ್ಟ ಜಗಲಿಯಲ್ಲಿ ಯಾರಾದರೂ ಬಂದು ಕೂರುತ್ತಾರೆ. ಈ ಸಲ ನಾವೇ ಕೂರೋಣ.